ಹೊಗೆಯ ಅಲಾರಂ ಇದ್ದರೆ ಸಾಲದೇ?

ಪ್ರಶ್ನೆ: ನಾನು ನಡೆಸುವ ಶಿಶುಪಾಲನಾ ಕೇಂದ್ರದ ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ಬಚ್ಚಲಲ್ಲಿ ಗ್ಯಾಸ್ ಗೀಸರ್ ಇವೆ, ಕರೆಂಟು ಹೋದಾಗ ಜನರೇಟರ್ ಬಳಸುತ್ತೇವೆ. ಹೊಗೆಯ ಅಲಾರಂ ಇದ್ದರೂ ಕಾರ್ಬನ್ ಮೊನಾಕ್ಸೈಡ್‌ಗೆ ಪ್ರತ್ಯೇಕ ಅಲಾರಂ ಹಾಕಿಸಬೇಕೆಂದು ಪೋಷಕರೊಬ್ಬರು ಕೇಳುತ್ತಿದ್ದಾರೆ. ಇದು ಅಗತ್ಯವೇ? ಹಾಕಿಸುವುದಾದರೆ ಎಲ್ಲಿ?

ಉತ್ತರ: ಅಗತ್ಯ. ನಿಮ್ಮ ಪರವಾನಗಿಯ ಷರತ್ತುಗಳಲ್ಲಿ ಅದು ಇರಲಿ, ಇಲ್ಲದಿರಲಿ, ಉರಿಯುವ ಇಂಧನ ಇರುವ ಕಟ್ಟಡದಲ್ಲಿ ಮಕ್ಕಳನ್ನು ಮಲಗಿಸುವವರು ಈ ಅಲಾರಂ ಇಲ್ಲದೆ ಇರಬಾರದು. ಹೊಗೆಯ ಅಲಾರಂ ಗುರುತಿಸುವುದು ಹೊಗೆಯ ಕಣಗಳನ್ನು. ಇಂಧನ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಪುಟ್ಟ ಮಕ್ಕಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡುವುದರಿಂದ ವಿಷ ಅವರಿಗೆ ಬೇಗ ಏರುತ್ತದೆ. ತಲೆನೋವೆಂದು ಹೇಳಲೂ ಅವರಿಗೆ ಬಾರದು.

ಪ್ರತಿ ಅಂತಸ್ತಿನಲ್ಲಿ ಒಂದು, ಮಕ್ಕಳು ಮಲಗುವ ಪ್ರತಿ ಕೋಣೆಯ ಒಳಗೆ ಅಥವಾ ಬಾಗಿಲ ಬಳಿ ಒಂದು ಇರಲಿ. ಅಡುಗೆ ಅನಿಲ ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆಂಬ ಲೆಕ್ಕದಲ್ಲಿ ಕೆಲವರು ಇದನ್ನೂ ನೆಲದ ಹತ್ತಿರವೇ ಕೂರಿಸುತ್ತಾರೆ, ಅದು ತಪ್ಪು ತಿಳಿವಳಿಕೆ. ಕಾರ್ಬನ್ ಮೊನಾಕ್ಸೈಡ್ ಗಾಳಿಗಿಂತ ತುಸು ಹಗುರವಾಗಿದ್ದು ಗಾಳಿಯೊಂದಿಗೇ ಬೆರೆಯುತ್ತದೆ, ಆದ್ದರಿಂದ ತಯಾರಕರು ಸೂಚಿಸಿದ ಎತ್ತರವನ್ನೇ ಪಾಲಿಸಿ. ಒಲೆಯ ನೇರ ಮೇಲೆ, ಪರದೆಯ ಹಿಂದೆ ಹಾಕಬೇಡಿ. ಪರೀಕ್ಷೆಯ ಗುಂಡಿ ಒತ್ತಿದಾಗ ಕೂಗಿತೆಂದರೆ ಬ್ಯಾಟರಿ ಮತ್ತು ಸದ್ದಿನ ಭಾಗ ಸರಿಯಿದೆ ಎಂದಷ್ಟೇ ಅರ್ಥ. ಒಳಗಿನ ಸೆನ್ಸರ್ ಸಾಮಾನ್ಯವಾಗಿ 5ರಿಂದ 10 ವರ್ಷಗಳಲ್ಲಿ ಸವೆಯುವುದರಿಂದ ಸಾಧನದ ಹಿಂಬದಿಯಲ್ಲಿ ಅಚ್ಚಾಗಿರುವ ಬದಲಾಯಿಸುವ ದಿನಾಂಕವನ್ನು ನೋಡಿ ಬರೆದಿಟ್ಟುಕೊಳ್ಳಿ.

ಅಲಾರಂ ಕೂಗಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಅಮೆರಿಕದಲ್ಲಿ ಬಳಕೆಯಲ್ಲಿರುವ ಮಾನದಂಡದ ಪ್ರಕಾರ 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 400 ಭಾಗ) ಪ್ರಮಾಣವಿದ್ದಾಗ ಅದು 4ರಿಂದ 15 ನಿಮಿಷಗಳೊಳಗೆ ಕೂಗಬೇಕು, 70 ಪಿಪಿಎಂ ಆದರೆ 1ರಿಂದ 4 ಗಂಟೆಯವರೆಗೂ ಸುಮ್ಮನಿರಬಹುದು. ಹಾಗಾಗಿ ಮೊದಲ ಕೆಲಸ ಮೂಲವನ್ನೇ ಸರಿಪಡಿಸುವುದು. ಗೀಸರಿನ ಹೊಗೆಕೊಳವೆ ಕಟ್ಟಡದ ಹೊರಗೇ ತೆರೆದುಕೊಳ್ಳಬೇಕು, ವರ್ಷಕ್ಕೊಮ್ಮೆ ತಜ್ಞರಿಂದ ತಪಾಸಣೆ ಆಗಬೇಕು. ಒಲೆಯ ನೀಲಿ ಜ್ವಾಲೆ ಹಳದಿಗೆ ತಿರುಗಿದರೆ ಅಂದೇ ನಿಲ್ಲಿಸಿ. ಜನರೇಟರ್ ಮಾತ್ರ ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರ, ಬಯಲಲ್ಲೇ ಇರಲಿ. ಕಿಟಕಿ ತೆರೆದಿದ್ದೇವೆಂಬ ಸಮಾಧಾನ ಅದರ ಹೊಗೆಯೆದುರು ನಡೆಯದು.

ಮಧ್ಯಾಹ್ನದ ನಿದ್ದೆಯ ಹೊತ್ತು ವಿಶೇಷ ಎಚ್ಚರ ಬೇಕು, ಏಕೆಂದರೆ ವಿಷದ ಮಂಪರು ನಿದ್ದೆಯಂತೆಯೇ ಕಾಣುತ್ತದೆ. ಜ್ವರವಿಲ್ಲದೆ ಹಲವು ಮಕ್ಕಳಿಗೆ ಒಟ್ಟಿಗೆ ವಾಂತಿ, ತಲೆಸುತ್ತು ಬಂದರೆ ಅಥವಾ ಅಲಾರಂ ಕೂಗಿದರೆ, ಕಾರಣ ಹುಡುಕುತ್ತಾ ನಿಲ್ಲದೆ ಎಲ್ಲರನ್ನೂ ಹೊರಗೆ ಕರೆದೊಯ್ದು, ಹಾಜರಿ ಪುಸ್ತಕ ಹಿಡಿದು ಎಣಿಸಿ, ಹೊರಗಿನಿಂದಲೇ ತುರ್ತು ಸೇವೆಗೆ ಕರೆಮಾಡಿ. ಆಸ್ಪತ್ರೆಯಲ್ಲಿ ಕಾರ್ಬನ್ ಮೊನಾಕ್ಸೈಡ್‌ನ ಅನುಮಾನವನ್ನು ಮೊದಲೇ ತಿಳಿಸಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಈ ವಿಷ ಹತ್ತಿದ ರಕ್ತವನ್ನೂ ಆಮ್ಲಜನಕವಿರುವ ರಕ್ತವೆಂದೇ ತೋರಿಸುವುದರಿಂದ, ಅದಕ್ಕೆಂದೇ ಇರುವ ರಕ್ತಪರೀಕ್ಷೆ ಬೇಕಾಗುತ್ತದೆ.