ಅಮೆರಿಕದಲ್ಲಿ ಮನೆ ಮಾರುವಾಗ ಏಜೆಂಟ್ ‘ಪ್ರೈವೇಟ್ ಎಕ್ಸ್‌ಕ್ಲೂಸಿವ್’ ಅಂದರೆ ಒಪ್ಪಬಹುದೇ?

ಫ್ರೀಮಾಂಟ್‌ನ ಮನೆಯನ್ನು ಮೂರು ವಾರ ಎಂಎಲ್‌ಎಸ್‌ಗೆ (ಮಾರಾಟದ ಮನೆಗಳನ್ನು ಎಲ್ಲ ಕಂಪನಿಗಳ ಏಜೆಂಟರೂ ಹಂಚಿಕೊಳ್ಳುವ ಪಟ್ಟಿಗೆ) ಹಾಕದೆ ತಮ್ಮ ಕಂಪನಿಯ ಗ್ರಾಹಕರಿಗಷ್ಟೇ ತೋರಿಸುತ್ತೇನೆ ಎಂದು ಏಜೆಂಟ್ ಹೇಳುತ್ತಿದ್ದಾರೆ, ಸಹಿ ಹಾಕಲೇ ಎಂದು ಕೇಳಿದ್ದೀರಿ. ವಿಶೇಷ ಕಾರಣ ಇಲ್ಲದಿದ್ದರೆ ಹಾಕಬೇಡಿ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಏಜೆಂಟ್ ಜೊತೆಗಿನ ಒಪ್ಪಂದದ ಮೇಲೆ ಸಾಮಾನ್ಯವಾಗಿ ‘ಎಕ್ಸ್‌ಕ್ಲೂಸಿವ್ ರೈಟ್ ಟು ಸೆಲ್’ ಎಂದಿರುತ್ತದೆ. ಅದು ಮಾಮೂಲು: ಆ ಅವಧಿಯಲ್ಲಿ ಮನೆ ಯಾರ ಮೂಲಕ ಹೋದರೂ ಕಮಿಷನ್ ಅವರಿಗೆ. ‘ಪ್ರೈವೇಟ್’ ಅಥವಾ ‘ಆಫೀಸ್ ಎಕ್ಸ್‌ಕ್ಲೂಸಿವ್’ ಬೇರೆಯೇ. ಮನೆ ಮಾರಾಟಕ್ಕಿದೆ ಎಂಬ ಸುದ್ದಿಯೇ ಕಂಪನಿಯ ಹೊಸ್ತಿಲು ದಾಟುವುದಿಲ್ಲ. ಮೊದಲನೆಯದಕ್ಕೆ ಸಹಿ ಹಾಕಿದರೆ ಎರಡನೆಯದಕ್ಕೂ ಒಪ್ಪಿದಂತಲ್ಲ.

ಈಗ ಲೆಕ್ಕ. ಮನೆ 15 ಲಕ್ಷ ಡಾಲರ್, ಮಾರುವವರ ಏಜೆಂಟ್‌ಗೆ ಶೇ 2.5, ಕೊಳ್ಳುವವರ ಏಜೆಂಟ್‌ಗೆ ಶೇ 2.5 ಕಮಿಷನ್ ಎಂದುಕೊಳ್ಳಿ. ಕೊಳ್ಳುವವರು ಹೊರಗಿನ ಏಜೆಂಟ್ ಮೂಲಕ ಬಂದರೆ ನಿಮ್ಮ ಕಂಪನಿಗೆ 37,500 ಡಾಲರ್. ಒಳಗಿನವರೇ ಕೊಂಡರೆ 75,000. ಬೆಲೆ 20,000 ಕಡಿಮೆಯಾದರೆ ನಿಮ್ಮ ಕೈಯಿಂದ ಹೋಗುವುದು ಹೆಚ್ಚುಕಡಿಮೆ ಅಷ್ಟೂ. ಕಂಪನಿಗೆ ಆ ಎರಡು ಪಾಲಿನಲ್ಲಿ ಖೋತಾ ಆಗುವುದು ಬರೀ 1,000. ನಿಮ್ಮ ಏಜೆಂಟ್ ಪ್ರಾಮಾಣಿಕರೇ ಇರಬಹುದು, ಆದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿದೆ.

ಇದರ ಹಿಂದೆ ದೊಡ್ಡ ಕಂಪನಿಗಳ ಜಟಾಪಟಿ ಇದೆ. ಸಾರ್ವಜನಿಕವಾಗಿ ಪ್ರಚಾರ ಮಾಡಿದ ಮನೆಯನ್ನು ಒಂದು ಕೆಲಸದ ದಿನದೊಳಗೆ ಎಂಎಲ್‌ಎಸ್‌ಗೆ ಹಾಕಬೇಕು ಎಂಬ ರಿಯಲ್ಟರ್‌ಗಳ ರಾಷ್ಟ್ರೀಯ ಸಂಘದ ನಿಯಮ 2020ರಲ್ಲಿ ಜಾರಿಗೆ ಬಂತು. ಅಂಗಳದ ಬೋರ್ಡು, ಫ್ಲೈಯರ್, ಸಾಮೂಹಿಕ ಇಮೇಲ್ ಎಲ್ಲವೂ ಪ್ರಚಾರವೇ. ಏಜೆಂಟ್ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಫೋಟೊ ಕಳಿಸಿದರೂ ಗಡಿಯಾರ ಓಡತೊಡಗಿತು ಎಂದೇ ತಿಳಿಯಿರಿ. ಹಾಗೆ ಪ್ರಚಾರ ಮಾಡಿಯೂ ಎಂಎಲ್‌ಎಸ್‌ಗೆ ಹಾಕದ ಮನೆಗಳನ್ನು ತಾನು ತೋರಿಸುವುದಿಲ್ಲ ಎಂದು ಮನೆ ಹುಡುಕುವ ಪೋರ್ಟಲ್ ಝಿಲೋ 2025ರ ಏಪ್ರಿಲ್‌ನಲ್ಲಿ ಘೋಷಿಸಿತು. ಜೂನ್‌ನಲ್ಲಿ ದೊಡ್ಡ ಬ್ರೋಕರೇಜ್ ಕಂಪನಿಯಾದ ಕಂಪಾಸ್ ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿನಲ್ಲಿ ಅದರ ಮೇಲೆ ಕೇಸು ಹಾಕಿತು. ತನ್ನಲ್ಲಿ ಮಾತ್ರ ಸಿಗುವ ಮನೆಗಳಿದ್ದರೆ ಕೊಳ್ಳುವವರು ತನ್ನ ಬಾಗಿಲಿಗೇ ಬರುತ್ತಾರೆ ಎಂಬುದು ಕಂಪಾಸ್ ಲೆಕ್ಕ. ಎಲ್ಲ ಮನೆಗಳೂ ತನ್ನಲ್ಲಿದ್ದರೆ ಬಂದ ಗ್ರಾಹಕರನ್ನು ಏಜೆಂಟರಿಗೆ ಒದಗಿಸಿ ಹಣ ಮಾಡಬಹುದು ಎಂಬುದು ಝಿಲೋ ಲೆಕ್ಕ.

ಇಬ್ಬರೂ ಅಂಕಿ ಮುಂದಿಡುತ್ತಾರೆ. ಇಂಥ ಮಾರಾಟದಲ್ಲಿ ಶೇ 2.9 ಹೆಚ್ಚು ಬೆಲೆ ಎಂದು ಕಂಪಾಸ್, 4,975 ಡಾಲರ್ ಕಡಿಮೆ ಎಂದು ಝಿಲೋ. ಇವು ಒಂದೇ ಹೋಲಿಕೆಯಲ್ಲ. ಕಂಪಾಸ್ ನೋಡಿದ್ದು ಎಂಎಲ್‌ಎಸ್‌ಗೆ ಮುಂಚೆಯೇ ಪ್ರಚಾರ ಮಾಡಿದ ಮನೆಗಳನ್ನು, ಝಿಲೋ ನೋಡಿದ್ದು ಎಂಎಲ್‌ಎಸ್‌ನ ಹೊರಗೇ ಮಾರಾಟವಾದ ಮನೆಗಳನ್ನು.

‘ಎಷ್ಟು ದಿನದಿಂದ ಮಾರಾಟಕ್ಕಿದೆ ಎಂಬ ಲೆಕ್ಕ ಬೀಳುವುದಿಲ್ಲ’ ಎಂಬ ಏಜೆಂಟರ ವಾದ ನಿಜವೇ. ಆದರೆ ಮೂರು ವಾರ ಆಫರ್ ಬಾರದ ಸುದ್ದಿ ಕಂಪನಿಯೊಳಗೆ ಎಲ್ಲರಿಗೂ ಗೊತ್ತಿರುತ್ತದೆ. ನನಗೆ ಇನ್ನೂ ಸಂಕಟ ತರುವ ಸಂಗತಿ ಬೇರೆ: ಹೊಸದಾಗಿ ಬಂದು, ಸಣ್ಣ ಆಫೀಸಿನ ಏಜೆಂಟ್ ಹಿಡಿದು, ಮೊದಲ ಮನೆ ಹುಡುಕುವವರಿಗೆ ಈ ಮನೆಗಳು ಕಾಣುವುದೇ ಇಲ್ಲ. ನಾಳೆ ನೀವೇ ಕೊಳ್ಳಲು ಹೊರಟಾಗಲೂ ಅಷ್ಟೇ.

ಜೀವಭಯ, ಕಾಯಿಲೆ, ವಿಚ್ಛೇದನದಂಥ ಕಾರಣವಿದ್ದರೆ ಗೌಪ್ಯ ಮಾರಾಟ ಸರಿ. ಪೇಂಟಿಂಗ್ ಮುಗಿಯಬೇಕಷ್ಟೇ ಎಂದರೆ ಎಂಎಲ್‌ಎಸ್‌ನಲ್ಲೇ ‘ಕಮಿಂಗ್ ಸೂನ್’ (ಸದ್ಯದಲ್ಲೇ ಮಾರಾಟಕ್ಕೆ) ಎಂದು ಹಾಕಿಸಿ. 2025ರಲ್ಲಿ ಬಂದ ‘ಡಿಲೇಡ್ ಮಾರ್ಕೆಟಿಂಗ್’ ಇನ್ನೊಂದು ದಾರಿ. ಅದರಲ್ಲಿ ಎಂಎಲ್‌ಎಸ್ ಸದಸ್ಯರಾದ ಎಲ್ಲ ಏಜೆಂಟರಿಗೂ ಮನೆ ಕಾಣುತ್ತದೆ, ಪೋರ್ಟಲ್‌ಗಳಿಗೆ ಮಾತ್ರ ತಡವಾಗಿ ಹೋಗುತ್ತದೆ. ಎಷ್ಟು ದಿನ ಎಂಬುದನ್ನು ಆಯಾ ಎಂಎಲ್‌ಎಸ್ ನಿರ್ಧರಿಸುತ್ತದೆ.

ಆದರೂ ಒಪ್ಪುವುದಾದರೆ ಬರಹದಲ್ಲಿ ಇಷ್ಟು ಹಾಕಿಸಿ: ಅವಧಿ ಏಳರಿಂದ ಹತ್ತು ದಿನ, ಎಂಎಲ್‌ಎಸ್‌ಗೆ ಹೋಗುವ ತಾರೀಕು ಸಮೇತ, ಹೊರಗಿನ ಏಜೆಂಟ್ ಕೇಳಿದರೂ ಮನೆ ತೋರಿಸಬೇಕು, ಎರಡೂ ಕಡೆ ಅವರೇ ಆದರೆ ಒಟ್ಟು ಕಮಿಷನ್ ಶೇ 5ರ ಬದಲು ಹೆಚ್ಚೆಂದರೆ ಶೇ 4, ಈ ಅವಧಿಯ ಪ್ರಚಾರದಿಂದ ಮುಂದೆ ಯಾವ ಪೋರ್ಟಲ್‌ನಲ್ಲೂ ಮನೆಗೆ ತಡೆ ಬೀಳುವುದಿಲ್ಲ ಎಂಬ ಭರವಸೆ. ಕೊನೆಯದನ್ನು ಬರೆದುಕೊಡಲು ಹಿಂದೇಟು ಹಾಕಿದರೆ ಸಹಿ ಹಾಕದೆ ಎದ್ದು ಬನ್ನಿ.