ಇಷ್ಟು ಮಳೆ ಬೀಳುವ ಗೋವಾದಲ್ಲಿ ಕಾಡಿಗೆ ಬೆಂಕಿ ಹೇಗೆ?

ಮಳೆ ಬೇಕಾದಷ್ಟು ಬೀಳುತ್ತದೆ, ಆದರೆ ಬೀಳುವುದು ನಾಲ್ಕೇ ತಿಂಗಳು. ಚೋರ್ಲಾ ಘಾಟದ ಮೇಲೆ ನಮ್ಮ ಖಾನಾಪುರ ತಾಲ್ಲೂಕಿನ ಕಣಕುಂಬಿ, ಕೆಳಗೆ ಇಳಿದರೆ ಗೋವಾದ ಸತ್ತರಿ. ಎರಡೂ ಕಡೆ ದೀಪಾವಳಿ ಕಳೆದ ಮೇಲೆ ಹನಿ ಬೀಳುವುದೇ ಅಪರೂಪ. ಮಾರ್ಚ್ ಹೊತ್ತಿಗೆ ಕಾಲಿಟ್ಟಲ್ಲೆಲ್ಲ ಗರಿಗರಿ ತರಗೆಲೆ.

2023ರ ಮಾರ್ಚ್ ಮೊದಲ ವಾರ ಸತ್ತರಿಯ ಮಹದಾಯಿ ಅಭಯಾರಣ್ಯ ಹೊತ್ತಿತು. ಗೋವಾದ ಬೇರೆ ಕಾಡುಗಳೂ ಸೇರಿ ಎಪ್ಪತ್ತಕ್ಕೂ ಹೆಚ್ಚು ಕಡೆ ಬೆಂಕಿ ಕಾಣಿಸಿತು. ಅದರ ಹಿಂದಿನ ಫೆಬ್ರವರಿ, ಹಗಲಿನ ಸರಾಸರಿ ಗರಿಷ್ಠ ತಾಪಮಾನದಲ್ಲಿ ದೇಶದಲ್ಲಿ 1901ರಿಂದ ಅಲ್ಲಿಯವರೆಗೆ ದಾಖಲಾದ ಅತಿ ಬಿಸಿಯ ಫೆಬ್ರವರಿ. ಬಿದಿರಿಗೆ ಬಿದಿರು ತಿಕ್ಕಿ ಕಿಡಿ ಹಾರಿತು ಅನ್ನುವ ಮಾತನ್ನು ನಂಬಬೇಡಿ. ಇಲ್ಲಿ ಬೆಂಕಿ ಹಚ್ಚುವುದು ಮನುಷ್ಯನ ಕೈಯೇ. ಗೋವಾದಲ್ಲಿ ಫೆನಿಗೆ (ಗೇರುಹಣ್ಣಿನ ರಸದಿಂದ ಇಳಿಸುವ ಮದ್ಯ) ಹಣ್ಣನ್ನು ಕೊಯ್ಯುವುದಿಲ್ಲ, ತಾನಾಗಿ ಉದುರಿದ್ದನ್ನು ಆರಿಸುತ್ತಾರೆ. ಅದಕ್ಕೆ ಮರದ ಬುಡ ಸ್ವಚ್ಛ ಇರಬೇಕು. ಕಳೆ ಸವರಿ, ಎಲೆ ಗುಡ್ಡೆ ಹಾಕಿ, ಸುಡುತ್ತಾರೆ. ತಂಪಿರುವಾಗ, ನಾಲ್ಕು ಮಂದಿ ನಿಂತು ಸುಟ್ಟರೆ ತೊಂದರೆಯಿಲ್ಲ. ಹಚ್ಚಿ ಊಟಕ್ಕೆ ಹೋದರೆ ಮುಗಿಯಿತು: ಬೆಳಗ್ಗೆ ಘಾಟದಿಂದ ಇಳಿಯುವ ಒಣಗಾಳಿ ಮಧ್ಯಾಹ್ನ ಕಡಲಗಾಳಿಯಾಗಿ ತಿರುಗುತ್ತದೆ, ಉರಿ ಗುಡ್ಡ ಹತ್ತುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿ.

ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಬೋಳು ಗುಡ್ಡದ ಹುಲ್ಲಿಗೆ ಅದು ಸರಿ. ದಟ್ಟ ಕಾಡಿನಲ್ಲಿ ಅರ್ಧ ನೀರು ಮರದ ತಲೆಗೇ ನಿಲ್ಲುತ್ತದೆ, ಬೆಂಕಿಯೋ ನೆಲದಲ್ಲಿ ಹರಿಯುತ್ತಿರುತ್ತದೆ. ಆರಿಸುವ ಕೆಲಸ ಕಡೆಗೂ ಕಾಲ್ನಡೆಯದ್ದೇ. ಉರಿಯ ಮುಂದೆ ಮಣ್ಣು ಕಾಣುವ ತನಕ ಎಲೆ ಗುಡಿಸಿ ಪಟ್ಟಿ ಮಾಡುವುದು (ಈಗ ಎಲೆ ಊದುವ ಯಂತ್ರವೂ ಬಂದಿದೆ), ಅಂಚಿನ ಉರಿಯನ್ನು ಹಸಿ ಸೊಪ್ಪಿನಿಂದ ಬಡಿಯುವುದು. ಸೊಪ್ಪನ್ನು ಎತ್ತಿ ಎತ್ತಿ ಹೊಡೆದರೆ ಕಿಡಿ ಹಾರುತ್ತದೆ, ಒತ್ತಿ ಎಳೆಯಬೇಕು. ಆರಿತು ಅಂದುಕೊಂಡ ಮೇಲೂ ಬಿದ್ದ ದಿಮ್ಮಿಗಳು ಒಳಗೊಳಗೇ ಹೊಗೆಯಾಡುತ್ತವೆ. ಒಂದು ಉರುಳಿ ಕೆಳಗೆ ಹೋದರೆ, ಆರಿಸುವವರ ಬೆನ್ನ ಹಿಂದೆಯೇ ಹೊಸ ಬೆಂಕಿ. ರಾತ್ರಿ ಕಾವಲು ಅದಕ್ಕೇ.

2019ರ ಫೆಬ್ರವರಿಯಲ್ಲಿ ಬಂಡೀಪುರ ಸುಟ್ಟಾಗ ಇದಕ್ಕಿಂತ ಎಷ್ಟೋ ಹೆಚ್ಚು ಕಾಡು ಹೋಯಿತು. ಆದರೆ ಅದು ಲಂಟಾನ ತುಂಬಿದ ಒಣಕಾಡು, ಅಲ್ಲಿನ ದೊಡ್ಡ ಮರಗಳ ತೊಗಟೆ ದಪ್ಪ. ಘಾಟದ ನಿತ್ಯಹಸುರಿನ ಮರಗಳ ತೊಗಟೆ ತೆಳು. ಮೊಣಕಾಲೆತ್ತರದ ಉರಿ ಬುಡ ಸುತ್ತಿ ಹೋದರೂ ಸಾಕು, ಮರ ಹಸಿರಾಗಿಯೇ ನಿಂತು ಒಂದೆರಡು ಮಳೆಗಾಲ ಕಳೆದ ಮೇಲೆ ಒಣಗುತ್ತದೆ. ಬೆಂಕಿಯ ಮರುವಾರ ಎಷ್ಟು ಎಕರೆ ಹೋಯಿತೆಂದು ಲೆಕ್ಕ ಹಾಕುವವರ ಪುಸ್ತಕದಲ್ಲಿ ಇವು ಬರುವುದೇ ಇಲ್ಲ.

ಚೋರ್ಲಾ ದಾರಿಯಲ್ಲಿ ಹೊಗೆ ಕಂಡರೆ 112ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಫೋಟೊ ತೆಗೆಯಲು ಉರಿಯ ಮೇಲಿನ ಮಗ್ಗುಲಿಗೆ ಮಾತ್ರ ಹತ್ತಬೇಡಿ.