ಕಲಾ ತರಗತಿಗೆ ಎರಡು ಫೋನು, ಒಂದು ಲೋಗೊ

ಶಾಲೆಯ ಚಿತ್ರಕಲಾ ಅವಧಿಯಲ್ಲಿ ಫೋಟೊಗ್ರಫಿ, ಲೋಗೊ ಕಲಿಸುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಒಂಬತ್ತನೇ ತರಗತಿಯಲ್ಲಿ 40 ಮಕ್ಕಳಿದ್ದಾರೆ. ಕ್ಯಾಮೆರಾ ಇಲ್ಲ, ಶಿಕ್ಷಕರ ಎರಡು ಫೋನುಗಳಷ್ಟೇ. ಎಲ್ಲಿಂದ ಶುರು ಮಾಡಲಿ?
– ಚಿತ್ರಕಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಮೊದಲ ಅವಧಿಯಲ್ಲಿ ಫೋನು ಹೊರಗೆ ತೆಗೆಯಲೇಬೇಡಿ. ಹಳೆಯ ಮದುವೆ ಕರೆಯೋಲೆಗಳ ರಟ್ಟಿನಲ್ಲಿ 6 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರದ ಕಿಂಡಿ ಕತ್ತರಿಸಿ ಎಲ್ಲರಿಗೂ ಒಂದೊಂದು ಕೊಡಿ. ಒಂದು ಕಣ್ಣು ಮುಚ್ಚಿ ಅದರೊಳಗಿಂದ ನೋಡಲಿ. ರಟ್ಟು ಕಣ್ಣಿನ ಹತ್ತಿರವಿದ್ದರೆ ಇಡೀ ಅಂಗಳ ಕಾಣುತ್ತದೆ, ತೋಳು ಚಾಚಿದರೆ ಒಂದು ಕಿಟಕಿಯಷ್ಟೇ. ಯಾವುದು ಒಳಗಿರಬೇಕು, ಯಾವುದು ಹೊರಗೆ ಹೋಗಬೇಕು ಎಂಬ ತೀರ್ಮಾನಕ್ಕೆ ಇದಕ್ಕಿಂತ ಅಗ್ಗದ ಉಪಕರಣವಿಲ್ಲ.

ಎರಡನೇ ಅವಧಿಗೆ ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಮಣ್ಣಿನ ಮಡಕೆ ಇಡಿ. ಸ್ಟೀಲ್ ಚೊಂಬು ಬೇಡ, ಅದರಲ್ಲಿ ತೆಗೆಯುವವರ ಮುಖವೇ ಕಾಣುತ್ತದೆ. ಬೆಳಕು ಹಿಂದಿನಿಂದ, ಪಕ್ಕದಿಂದ, ಎದುರಿನಿಂದ ಬೀಳುವಂತೆ ಪ್ರತಿ ಮಗುವಿಗೂ ಮೂರೇ ಚಿತ್ರ. ಮಿತಿ ಇದ್ದಾಗಲೇ ಮಕ್ಕಳು ಒತ್ತುವ ಮೊದಲು ನೋಡುತ್ತಾರೆ. ಪಕ್ಕದ ಬೆಳಕಿನಲ್ಲಿ ಮಡಕೆಯ ಉಬ್ಬು ಚೆನ್ನಾಗಿ ಕಾಣುತ್ತದೆ, ಎದುರಿನ ಬೆಳಕಿನಲ್ಲಿ ಚಪ್ಪಟೆಯಾಗುತ್ತದೆ. ಹಿಂಬೆಳಕಿನಲ್ಲಿ ಪರದೆಯ ಮೇಲೆ ಕಿಟಕಿಯನ್ನು ಮುಟ್ಟಿದರೆ ಮಡಕೆ ಕಪ್ಪು ಆಕೃತಿಯಾಗುತ್ತದೆ. ಮಡಕೆಯನ್ನು ಮುಟ್ಟಿದರೆ ಕಿಟಕಿ ಬಿಳಿಚಿಕೊಳ್ಳುತ್ತದೆ. ಮುಟ್ಟಿದ ಜಾಗದ ಬೆಳಕನ್ನು ಫೋನು ಅಳೆಯುತ್ತದೆ ಎಂಬುದನ್ನು ತೋರಿಸಲು ಈ ಎರಡು ಚಿತ್ರ ಸಾಕು. ಆ ಕಪ್ಪು ಆಕೃತಿಗಳನ್ನು ಅಳಿಸಬೇಡಿ, ಲೋಗೊ ಪಾಠಕ್ಕೆ ಬೇಕಾಗುತ್ತವೆ.

ಪರದೆಯನ್ನು ಒಂಬತ್ತು ಮನೆಗಳಾಗಿ ಭಾಗಿಸುವ ಗೆರೆಗಳ ಗ್ರಿಡ್ಡನ್ನು ತಿಂಗಳ ನಂತರ ಹೇಳಿದರೂ ನಷ್ಟವಿಲ್ಲ.

ವಾರ್ಷಿಕೋತ್ಸವದ ನೃತ್ಯ ತೆಗೆದರೆ ಕೈಕಾಲು ಕಲಸಿದಂತೆ, ಮುಖ ಬೆಳ್ಳಗೆ, ಕೆಲವು ಚಿತ್ರಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ. ಫೋನು ಹಾಳಾಗಿದೆಯೇ?
– ಹತ್ತನೇ ತರಗತಿ ವಿದ್ಯಾರ್ಥಿ, ಶಿವಮೊಗ್ಗ

ಫೋನು ಸರಿಯಾಗಿಯೇ ಇದೆ, ಮೂರಕ್ಕೂ ಬೇರೆಬೇರೆ ಕಾರಣ.

ಬೆಳಕು ಕಡಿಮೆಯಾದಾಗ ಫೋನು ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಅಷ್ಟರಲ್ಲಿ ಕೈ ಸರಿದಿರುತ್ತದೆ. ಅಂಕಿಗಳನ್ನು ನಾವೇ ಹೊಂದಿಸುವ ಪ್ರೊ ಮೋಡ್ ಇದ್ದರೆ ಶಟರನ್ನು 1/250 ಸೆಕೆಂಡಿಗೆ ತನ್ನಿ. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಬದಲಾಗುವುದಿಲ್ಲ, ಹಾಗಾಗಿ ಕಳೆದುಕೊಂಡ ಬೆಳಕನ್ನು, ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ ಏರಿಸಿಯೇ ತುಂಬಬೇಕು. 800, 1600ಕ್ಕೆ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಕಲಸಿದ ಚಿತ್ರಕ್ಕಿಂತ ಕಾಳಿನ ಚಿತ್ರ ಮೇಲು.

ಮುಖ ಬೆಳ್ಳಗಾಗುವುದು ಹಿಂದಿನ ಕಪ್ಪು ಪರದೆಯಿಂದ. ಫೋನು ಒಟ್ಟು ದೃಶ್ಯವನ್ನು ಮಧ್ಯಮ ಬೂದು ಮಟ್ಟಕ್ಕೆ ತರಲು ಹೋಗಿ ಬೆಳಕು ಏರಿಸುತ್ತದೆ. ಮುಖವನ್ನು ಮುಟ್ಟಿ ಹಿಡಿದು, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಪ್ರೊ ಮೋಡಿನಲ್ಲಿ ಇವಿ (ಬೆಳಕು ಏರಿಸಿ ಇಳಿಸುವ ಅಂಕಿ) ಮೈನಸ್ 1.

ಪಟ್ಟಿಗಳದ್ದು ವಿದ್ಯುತ್ತಿನ ಕಥೆ. ನಮ್ಮ ಪೂರೈಕೆ 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕ್ಯಾಮೆರಾದೊಳಗಿನ ಸಂವೇದಕ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟಿಯಾಗಿ ಬೀಳುತ್ತದೆ. ಶಟರ್ 1/100 ಅಥವಾ 1/50 ಆದರೆ ಪಟ್ಟಿ ಹೋಗುತ್ತದೆ, ಆದರೆ ಓಟ ಹಿಡಿಯುವುದಿಲ್ಲ. ಆಗ ತಾಳ ಕೇಳಿಸಿಕೊಳ್ಳಿ: ಮುಕ್ತಾಯ, ಅಂದರೆ ಕೊನೆಯ ಹೆಜ್ಜೆಗಳ ತುಣುಕು, ಮುಗಿದು ಕಲಾವಿದೆ ಭಂಗಿಯಲ್ಲಿ ನಿಂತ ಕ್ಷಣಕ್ಕೆ ಒತ್ತಿ. ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಒರೆಸಿಕೊಳ್ಳುವುದನ್ನು ಮರೆಯಬೇಡಿ. ಬೆರಳಿನ ಎಣ್ಣೆಯೇ ಅರ್ಧ ಮಬ್ಬಿಗೆ ಕಾರಣ.

ಶಾಲೆಯ ಸುವರ್ಣ ಮಹೋತ್ಸವಕ್ಕೆ ಮಕ್ಕಳಿಂದ ಲೋಗೊ ಬರೆಸಿದೆ. ಪುಸ್ತಕ, ದೀಪ, ನವಿಲು, ಸೂರ್ಯ, ಭೂಪಟ ಎಲ್ಲವೂ ಬಂದವು. ಹೇಗೆ ತಿದ್ದಲಿ?
– ಮುಖ್ಯ ಶಿಕ್ಷಕರು, ಮಂಡ್ಯ ಜಿಲ್ಲೆ

ತಿದ್ದಬೇಡಿ, ಬೇರೆ ದಾರಿಯಲ್ಲಿ ಶುರು ಮಾಡಿಸಿ. ‘ಶಾಲೆ ಎಂದರೆ ಏನು?’ ಎಂದು ಕೇಳಿದರೆ ಪುಸ್ತಕ, ದೀಪವೇ ಬರುತ್ತವೆ. ಅವು ಯಾವ ಶಾಲೆಗೂ ಹೊಂದುತ್ತವೆ. ‘ನಮ್ಮ ಶಾಲೆಯಲ್ಲಿ ಮಾತ್ರ ಇರುವುದೇನು?’ ಎಂದು ಕೇಳಿ. ರೈಲು ಹಳಿಯ ತುಂಡಿನ ಗಂಟೆ, ಬಾಗಿದ ಅರಳಿಮರ, ಕಮಾನಿನ ಬಾಗಿಲು, ಯಾವುದೋ ಒಂದು ಸಿಕ್ಕೇ ಸಿಗುತ್ತದೆ.

ಅದನ್ನು ಸಂಜೆಯ ಹಿಂಬೆಳಕಿನಲ್ಲಿ ಫೋಟೊ ತೆಗೆಸಿ. ವಿವರವೆಲ್ಲ ಕಪ್ಪಿನಲ್ಲಿ ಮುಳುಗಿ ಹೊರಗೆರೆ ಮಾತ್ರ ಉಳಿಯುತ್ತದೆ, ಅಂದರೆ ಅರ್ಧ ಲೋಗೊ ಬೆಳಕೇ ಮಾಡಿಕೊಟ್ಟಂತೆ. ಅಂಗೈ ಅಗಲಕ್ಕೆ ಮುದ್ರಿಸಿ, ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಕಪ್ಪು ಮಾರ್ಕರಿನಲ್ಲಿ ತುಂಬಿಸಿ. ನಂತರ ಆ ಆಕಾರವನ್ನು ಎದುರಿಟ್ಟುಕೊಂಡು 3 ಸೆಂ.ಮೀ. ಚೌಕಗಳಲ್ಲಿ 20 ಸಣ್ಣ ಚಿತ್ರ ಬರೆಯಲಿ. ಪ್ರತಿಸಲ ಒಂದು ಗೆರೆ ಕಡಿಮೆ. ಚೌಕ ದೊಡ್ಡದಾದರೆ ಮಕ್ಕಳು ಎಲೆ ಎಣಿಸಲು ಕೂರುತ್ತಾರೆ. ಪೆನ್ಸಿಲ್ ಛಾಯೆ, ಬಣ್ಣ ಈಗ ನಿಷಿದ್ಧ. ಕಪ್ಪುಬಿಳುಪಿನಲ್ಲಿ ನಿಲ್ಲದ ಗುರುತು ಬಣ್ಣದಲ್ಲೂ ನಿಲ್ಲುವುದಿಲ್ಲ, ರಬ್ಬರ್ ಮೊಹರಿಗಂತೂ ಬರುವುದೇ ಇಲ್ಲ.

ಉದಾಹರಣೆಗೆ ಸ್ಟೇಟ್ ಬ್ಯಾಂಕಿನ ಗುರುತು ತೋರಿಸಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ 1971ರಲ್ಲಿ ರಚಿಸಿದ್ದು: ನೀಲಿ ವೃತ್ತ, ನಡುವೆ ಚಿಕ್ಕ ಬಿಳಿ ವೃತ್ತ, ಅಲ್ಲಿಂದ ಕೆಳಕ್ಕೆ ಒಂದು ಸೀಳು. ನಾಣ್ಯವೂ ಇಲ್ಲ, ನೋಟೂ ಇಲ್ಲ.

ಪರೀಕ್ಷೆ ಸುಲಭ. ಆಯ್ದ ಮೂರನ್ನು ಹಲಗೆಗೆ ಅಂಟಿಸಿ, ಐದು ಸೆಕೆಂಡು ತೋರಿಸಿ, ಮುಚ್ಚಿ, ಬೇರೆ ತರಗತಿಯ ಮಕ್ಕಳಿಂದ ನೆನಪಿನಲ್ಲೇ ಬರೆಸಿ. ಅವರು ಬಿಟ್ಟುಬಿಟ್ಟ ಭಾಗ ಲೋಗೊಗೆ ಬೇಕಿಲ್ಲದ್ದು. ಇನ್ನೊಂದು ಮಾತು: ಅಶೋಕ ಸ್ತಂಭದ ಸಿಂಹಗಳನ್ನು ಸೇರಿಸಬೇಡಿ. ರಾಷ್ಟ್ರಲಾಂಛನದ ದುರ್ಬಳಕೆ ತಡೆಯಲು 2005ರ ಕಾಯ್ದೆಯೇ ಇದೆ.

ಕನ್ನಡ ಅಕ್ಷರದಲ್ಲೇ ಲೋಗೊ ಮಾಡಿದೆವು. ಬ್ಯಾನರಿನಲ್ಲಿ ಚೆನ್ನಾಗಿತ್ತು, ಬ್ಯಾಡ್ಜಿನಲ್ಲಿ ಓದಲಾಗಲಿಲ್ಲ.
– ಶಿಕ್ಷಕರು, ಧಾರವಾಡ

ನಿಮ್ಮ ಊರಿನ ಹೆಸರಲ್ಲೇ ಉತ್ತರವಿದೆ. ‘ಧ’ದ ಕೆಳಗಿನ ಸೀಳು ಸಣ್ಣ ಅಳತೆಯಲ್ಲಿ ಶಾಯಿಯಿಂದ ಮುಚ್ಚಿಹೋದರೆ ಉಳಿಯುವುದು ‘ದಾರವಾಡ’. ‘ಪ’ ಮತ್ತು ‘ಫ’ ಕೂಡ ಹೀಗೆಯೇ. ‘ಪ’ದ ಹೊಟ್ಟೆಯೊಳಗೆ ಶಾಯಿ ಹರಡಿದರೆ ‘ಷ’ ಎಂದೂ ಓದಿಯಾರು. ಅಕ್ಷರದ ಒಳಜಾಗ, ಸೀಳು ಎರಡೂ ಗೆರೆಯ ದಪ್ಪಕ್ಕಿಂತ ಕಿರಿದಾಗಬಾರದು. ಒತ್ತಕ್ಷರವಿರುವ ಪೂರ್ತಿ ಹೆಸರನ್ನು ಬ್ಯಾಡ್ಜಿಗೆ ತುರುಕಬೇಡಿ. ಒಂದೆರಡು ಅಕ್ಷರದ ಗುರುತು ಸಾಕು, ಹೆಸರು ಬ್ಯಾನರಿಗಿರಲಿ. 15 ಮಿ.ಮೀ. ಅಗಲಕ್ಕೆ ಮುದ್ರಿಸಿ, ತೋಳಿನಳತೆಯಲ್ಲಿ ಹಿಡಿದು ಓದಿನೋಡಿದ ಮೇಲೆಯೇ ಒಪ್ಪಿಗೆ ಕೊಡಿ.

ಹಾಳೆಯಲ್ಲಿ ಬರೆದ ಲೋಗೊದ ಫೋಟೊವನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಮುದ್ರಣದವರು ಆಗುವುದಿಲ್ಲ ಎಂದರು.
– ಪೋಷಕರು, ಉಡುಪಿ

ಅವರು ಹೇಳಿದ್ದು ಸರಿ. ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕುಗ್ಗುವುದಿಲ್ಲ. 10 ಸೆಂ.ಮೀ. ಅಗಲದ ಮುದ್ರಣಕ್ಕೆ ಇಂಚಿಗೆ 300 ಚುಕ್ಕೆಯಂತೆ ಸುಮಾರು 1,200 ಪಿಕ್ಸೆಲ್ ಬೇಕು. ಇನ್ನೂ ಒಳ್ಳೆಯದೆಂದರೆ ಚುಕ್ಕೆಗಳ ಬದಲು ಗೆರೆಗಳ ಲೆಕ್ಕವಾಗಿ ಉಳಿಸುವ ವೆಕ್ಟರ್ ಕಡತ, ಅದನ್ನು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ.

ಹಾಳೆಯನ್ನು ಗೋಡೆಗೆ ಅಂಟಿಸಿ, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಓರೆಯಾದರೆ ವೃತ್ತ ಮೊಟ್ಟೆಯಾಗುತ್ತದೆ. ಫ್ಲ್ಯಾಶ್ ಬೇಡ, ಫೋನಿನ ನೆರಳೂ ಬೀಳಬಾರದು. ಉಚಿತವಾಗಿ ಸಿಗುವ, ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಚಿತ್ರ ತೆರೆದು, ಪಾತ್ ಮೆನುವಿನ ಟ್ರೇಸ್ ಬಿಟ್‌ಮ್ಯಾಪ್ ಬಳಸಿ. ಅದು ಚಿತ್ರವನ್ನು ವೆಕ್ಟರ್ ಆಗಿಸುತ್ತದೆ. ಎಷ್ಟು ಗಾಢವಾದದ್ದು ಕಪ್ಪಾಗಬೇಕು ಎಂಬ ಮಿತಿಯ (ಥ್ರೆಶೋಲ್ಡ್) ಅಂಕಿ ಹೆಚ್ಚಿಸಿದರೆ ನೆರಳಿನ ಕಲೆಯೂ ಕಪ್ಪಾಗುತ್ತದೆ, ತಗ್ಗಿಸಿದರೆ ತೆಳುಗೆರೆ ಮಾಯವಾಗುತ್ತದೆ, 0.45ರ ಆಸುಪಾಸಿನಿಂದ ಶುರುಮಾಡಿ. ಅಕ್ಷರಗಳನ್ನು ಟೈಪ್ ಮಾಡಿದ್ದರೆ ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಆಕಾರವಾಗಿಸಿ, ಇಲ್ಲವಾದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ಹೆಸರು ಚೆಲ್ಲಾಪಿಲ್ಲಿಯಾಗುತ್ತದೆ. ಎಸ್‌ವಿಜಿ, ಪಿಡಿಎಫ್ ಎರಡೂ ಬಗೆಯ ಕಡತ ಕೊಡಿ. ಟಿ-ಶರ್ಟಿಗೆ ಸ್ಕ್ರೀನ್ ಪ್ರಿಂಟ್ ಮಾಡಿಸುವುದಾದರೆ 1 ಮಿ.ಮೀ.ಗಿಂತ ತೆಳುವಾದ ಗೆರೆ ಬೇಡ. ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕಾಗುವುದರಿಂದ ಎರಡನೇ ಬಣ್ಣ ಸೇರಿಸುವ ಮೊದಲು ದರ ಕೇಳಿಕೊಳ್ಳಿ.